ತುಂಬಿದ ಕೊಡ ಯಾಕ್ರೀ ತುಳುಕಬಾರದು?

ಈ ಗಾದೆ ಮಾಡಿದ ಪುಣ್ಯಾತ್ಮ ಸಿಕ್ಕಿದ್ರೆ ನಂಗೆ ಎರಡು ಮಾತು ಕೇಳೋದಿದೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ... ಕನ್ನಡಕ್ಕೆ ಅದು ಮೊದಲು, ಸಣ್ಣಕತೆಗಳ ಸಂಕಲನವೊಂದಕ್ಕೆ ಬಂದಿದ್ದೂ ಅದೇ ಮೊದಲು. ಮಾರನೇ ದಿನ ಆಫೀಸಿನಲ್ಲಿ ಊಟಕ್ಕೆ ಕೂತಾಗ ಖುಷಿಯಿಂದ ಸುದ್ದಿ ತೆಗೆದೆ. ಎದುರಿಗಿದ್ದವರು ಅನ್ನ ಕಲಸುತ್ತಾ "ಎಲ್ಲಾ ಲಾಬಿ ಬಿಡ್ರೀ" ಅಂದ್ರು. ಪಕ್ಕದವರದ್ದು ಇನ್ನೊಂದು, "ಗೆದ್ದಿದ್ದು ಅನುವಾದ ಕಣ್ರೀ, ಇವರದ್ದೇನಿದೆ?"

ಪುಸ್ತಕ ಓದಿದೀರಾ ಅಂದೆ. ಇಬ್ಬರೂ ಓದಿಲ್ಲ!

ಅಲ್ಲ ಸ್ವಾಮಿ, ಆ ಪ್ರಶಸ್ತಿ ಇರೋದೇ ಇಂಗ್ಲಿಷಿಗೆ ಅನುವಾದವಾದ ಪುಸ್ತಕಗಳಿಗೆ. 50,000 ಪೌಂಡು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮಪಾಲು. ಆ ಹನ್ನೆರಡು ಕತೆಗಳು 1990ರಿಂದ 2023ರವರೆಗೆ ಬರೆದವು. ಮೂವತ್ತು ವರ್ಷ ಕೂತು ಕತೆ ಬರೆಯೋದು ಲಾಬಿ ಅನ್ನೋದಾದ್ರೆ ಅಂಥ ಲಾಬಿ ಇನ್ನೂ ನಾಲ್ಕು ಜನ ಮಾಡಲಿ.

ಹೊಟ್ಟೆಕಿಚ್ಚು ಅಂದು ಕೈ ತೊಳ್ಕೋಬಹುದು. ಆದ್ರೆ ಅವರು ಕೆಟ್ಟವರಲ್ಲ ಮಾರಾಯ್ರೆ. ಅವರಲ್ಲೊಬ್ಬರು ಚೆಂದದ ಪದ್ಯ ಬರೀತಾರೆ, ಡೈರಿಯಲ್ಲಿ. ಯಾರಿಗೂ ತೋರಿಸಲ್ಲ. ಹಾಗೆ ಮುಚ್ಚಿಟ್ಟುಕೊಂಡು ಕೂತವರಿಗೆ ಧೈರ್ಯವಾಗಿ ಹೊರಗೆ ಇಟ್ಟವರನ್ನು ಕಂಡ್ರೆ ಉರಿಯುತ್ತೆ ಅಂತ ನನ್ನ ಅನುಮಾನ.

ಅನುಮಾನ ಯಾಕೆ ಅಂದ್ರೆ ನಾನೂ ಅದೇ ಜಾತಿ. ಚಿಕ್ಕವನಿದ್ದಾಗ ಒಳ್ಳೇ ಮಾರ್ಕ್ಸ್ ಬಂದ್ರೆ ಅಮ್ಮ "ಯಾರಿಗೂ ಹೇಳ್ಬೇಡ, ದೃಷ್ಟಿಯಾಗುತ್ತೆ" ಅಂತಿದ್ಲು. ಕೇಳಿದವರಿಗೆ "ಏನೋ ಪಾಸಾದ" ಅನ್ನೋಳು. ಕಳೆದ ರಾಜ್ಯೋತ್ಸವಕ್ಕೆ ಆಫೀಸಿನಲ್ಲಿ ಆಡಿದ ಪ್ರಹಸನ ಬರೆದಿದ್ದು ನಾನು. ಜನ ಬಿದ್ದು ಬಿದ್ದು ನಕ್ಕರು. ಯಾರು ಬರೆದಿದ್ದು ಅಂತ ಕೇಳಿದ್ರೆ "ಎಲ್ಲೋ ನೆಟ್‌ನಲ್ಲಿ ಸಿಕ್ತು" ಅಂದುಬಿಟ್ಟೆ. ವಿನಯವಂತೆ, ಮಣ್ಣಂಗಟ್ಟಿ! ಶುದ್ಧ ಹೆದರಿಕೆ ಅದು, "ಓಹೋ, ದೊಡ್ಡ ಸಾಹಿತಿ ಬಂದ್ರು" ಅಂತಾರೇನೋ ಅಂತ.

ಹೋದ ವಾರ ಮನೆಗೆ ನೆಂಟರು ಬಂದಿದ್ರು. ಮಗಳಿಗೆ "ಒಂದು ಹಾಡು ಹೇಳು ಪುಟ್ಟಿ" ಅಂದ್ರು. "ನಂಗೆ ಬರಲ್ಲ" ಅಂದ್ಲು. ಬೆಳಿಗ್ಗೆ ತಾನೇ ಒಂದು ಗಂಟೆ ವರ್ಣ ಅಭ್ಯಾಸ ಮಾಡಿದ ಹುಡುಗಿ! ಅವರು ಹೋದ್ಮೇಲೆ ಯಾಕಮ್ಮ ಸುಳ್ಳು ಹೇಳ್ದೆ ಅಂದೆ.

"ನೀನೂ ಹಾಗೇ ಹೇಳ್ತೀಯಲ್ಲಪ್ಪ."

ಅದಕ್ಕೇ, ಆ ಪ್ರಹಸನ ನಂದು ಕಣ್ರೀ. ನಾಳೆ ಇಲ್ಲೇ ಹಾಕ್ತೀನಿ, ನನ್ನ ಹೆಸರಲ್ಲೇ. ಬೈಯೋರು ಓದಿ ಬೈಯಿರಿ.