ಫ್ರಿಜ್ಜಿನ ಗೊರಕೆಗೆ ಎರಡೂವರೆ ಸಾವಿರ ದಂಡ!

ಮೊನ್ನೆ ಯಲಹಂಕ ನ್ಯೂಟೌನಿನಿಂದ ಅಮ್ಮನ ಫೋನು.

"ಫ್ರಿಜ್ಜು ರಾತ್ರಿಯೆಲ್ಲ ಗೊರಕೆ ಹೊಡೀತಿತ್ತು ಕಣೋ. ರಿಪೇರಿಯವನು ಬಂದು ಗ್ಯಾಸ್ ಹೋಗಿದೆ ಅಂದ. ತುಂಬಿಸಿ ಎರಡೂವರೆ ಸಾವಿರ ಇಸ್ಕೊಂಡು ಹೋದ."

"ಮುಂಚೆ ತಂಪಾಗ್ತಿರ್ಲಿಲ್ವಾ?"

"ಚೆನ್ನಾಗೇ ಆಗ್ತಿತ್ತಲ್ಲ."

"ಈಗ ಸದ್ದು ನಿಂತಿದ್ಯಾ?"

"ಇಲ್ಲ..."

ನಿಲ್ಲೋದು ಹೇಗೆ ಸ್ವಾಮಿ? ಅದು ಕಾಯಿಲೆಯೇ ಅಲ್ಲ! ಫ್ರಿಜ್ಜಿನ ಗ್ಯಾಸು ಅಡುಗೆ ಸಿಲಿಂಡರಿನ ಹಾಗೆ ಉರಿದು ಮುಗಿಯೋದಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತೆ. ಸೋರಿದರಷ್ಟೇ ಕಡಿಮೆಯಾಗೋದು, ಆಗ ತಂಪೂ ಕಡಿಮೆಯಾಗುತ್ತೆ.

ಗುಂಯ್ ಅಂದರೆ ಕಂಪ್ರೆಸರ್ ಓಡ್ತಿದೆ. ಇನ್ವರ್ಟರ್ ಫ್ರಿಜ್ಜಾದರೆ ವೇಗ ಬದಲಾದ ಹಾಗೆ ಶ್ರುತಿಯೂ ಬದಲಾಗುತ್ತೆ. ಗುಳುಗುಳು ಅಂದರೆ ಕೊಳವೆಯಲ್ಲಿ ಆ ಗ್ಯಾಸೇ ದ್ರವವಾಗಿ ಹರೀತಿದೆ. ನಡುರಾತ್ರಿ ಚಟ್ ಅಂದರೆ ಒಳಗಿನ ಪ್ಲಾಸ್ಟಿಕ್ಕು ಬಿಸಿ-ತಂಪಿಗೆ ಹಿಗ್ಗಿ ಕುಗ್ಗುತ್ತಿದೆ. ಚುಂಯ್ ಅಂದರೆ ಐಸು ಕರಗಿಸೋ ಹೀಟರಿನ ಮೇಲೆ ಹನಿ ಬಿತ್ತು, ಕಾದ ಕಾವಲಿ ಮೇಲೆ ನೀರು ಚಿಮುಕಿಸಿದ ಹಾಗೆ. ಗಡಗಡ ಅಂದರೆ ಗೋಡೆಗೆ ತಾಗಿದೆಯಾ, ನೆಲ ಸಮ ಇದೆಯಾ ಮೊದಲು ನೋಡಿ.

ಹಾಗಂತ ಎಲ್ಲ ಸದ್ದೂ ಸಾಧು ಅಲ್ಲ. ಮತ್ತೆ ಮತ್ತೆ ಟಕ್ ಅಂದರೂ ಕಂಪ್ರೆಸರ್ ಶುರುವಾಗದಿದ್ದರೆ, ಫ್ಯಾನಿಗೆ ಐಸು ತಾಗಿ ಕರಕರ ಅಂದರೆ, ಹಾಲು ಕೆಟ್ಟರೆ, ರಿಪೇರಿಯವರನ್ನು ಕರೆಸಲೇಬೇಕು.

ಇಷ್ಟೇ ವಿಷಯ, ಒಂದು ಪುಟ! ಅಮ್ಮನ ಫ್ರಿಜ್ಜಿನ ಜತೆ ಬಂದ ಪುಸ್ತಕದಲ್ಲೂ ಇದೆ. ಇಂಗ್ಲಿಷಿನಲ್ಲಿದೆ, ಹಿಂದಿಯಲ್ಲಿದೆ. ಕನ್ನಡದಲ್ಲಿ? ಸೊನ್ನೆ. ಮಾರುವಾಗ ಜಾಹೀರಾತಿಗೆ ಬೇಕಾದ ಕನ್ನಡ ಮಾರಿದ ಮೇಲೆ ಬೇಡವಾಯಿತೇ?

"ಕನ್ನಡದಲ್ಲಿ ಹಾಕಿದರೆ ಯಾರು ಓದ್ತಾರೆ?" ಅನ್ನೋರಿದ್ದಾರೆ. ನಮ್ಮಮ್ಮ ಓದ್ತಾಳೆ ಸ್ವಾಮಿ! ಕಡಲೆಪುರಿ ಕಟ್ಟಿಕೊಟ್ಟ ಪೇಪರನ್ನೂ ಬಿಡೋದಿಲ್ಲ. ಏರೋ ಇಂಡಿಯಾ ನಡೆಯುವಾಗ ಯುದ್ಧವಿಮಾನ ತಲೆ ಮೇಲೇ ಗುಡುಗಿದರೂ ಒಗ್ಗರಣೆ ಸೌಟು ಕೆಳಗಿಡೋದಿಲ್ಲ, ಯಾಕಂದರೆ ಅದೇನು ಸದ್ದು ಅಂತ ಅವಳಿಗೆ ಗೊತ್ತು. ಗೊತ್ತಿಲ್ಲದ ಸದ್ದಿಗೇ ಹೆದರಿಕೆ. ಆ ಹೆದರಿಕೆಗೇ ಎರಡೂವರೆ ಸಾವಿರ.

ಕಾನೂನು ಇಲ್ಲವೇ? ಇದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022. ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಅನ್ನುತ್ತೆ, ಆದರೆ ರಾಜ್ಯದಲ್ಲೇ ತಯಾರಾಗಿ ರಾಜ್ಯದಲ್ಲೇ ಮಾರಾಟವಾಗುವ ಸರಕಿಗೆ ಮಾತ್ರ. ಹೊರರಾಜ್ಯದಿಂದ ಲಾರಿಯಲ್ಲಿ ಬಂದ ಫ್ರಿಜ್ಜು ಸಲೀಸಾಗಿ ಪಾರು! ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡಕ್ಕೆ ಎಷ್ಟೆಲ್ಲ ಗಲಾಟೆ ಮಾಡಿದೆವು. ಅದೇ ಅಂಗಡಿಯೊಳಗಿನ ಡಬ್ಬದಲ್ಲಿ ಶೇಕಡಾ ಎಷ್ಟು ಅಂತ ಕೇಳಿದೆವಾ?

ಹೈಸ್ಕೂಲಿನಲ್ಲಿ ಅನುಕರಣಾವ್ಯಯ ಅಂತ ಉರು ಹೊಡೆದಿದ್ದೆವಲ್ಲ, ಚಟಚಟ, ಗುಳುಗುಳು, ದಬದಬ... ಸದ್ದಿಗೆ ಇಷ್ಟು ಮಾತಿರೋ ಭಾಷೆಗೆ ಒಂದು ಫ್ರಿಜ್ಜಿನ ಗೊರಕೆ ವಿವರಿಸೋಕೆ ಬರೋದಿಲ್ಲವೇ?

ಮುಂದಿನ ಸಲ ಫ್ರಿಜ್ಜೋ ಮಿಕ್ಸಿಯೋ ಕೊಳ್ಳುವಾಗ "ಕನ್ನಡದ ಪುಸ್ತಕ ಎಲ್ರೀ?" ಅಂತ ಕೇಳಿ. ಕೊಡದಿದ್ದರೆ ನಾವೇ ಬರೆಯೋಣ. ನಾನು ಫ್ರಿಜ್ಜಿಂದು ಶುರು ಮಾಡಿದ್ದೀನಿ. ವಾಷಿಂಗ್ ಮಷೀನು ಯಾರು ತಗೋತೀರಿ? :)