ಹಾಸಿಗೆಯ ಸೇವೆಯೋ, ಏಳಿಸುವ ಸೇವೆಯೋ?

ಹಿರಿಯರ ಸೇವೆ ಪುಣ್ಯದ ಕೆಲಸವೆಂಬುದನ್ನು ನಮ್ಮಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಸೇವೆಯೆಂದರೇನು ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ಅವರು ಕುಳಿತಲ್ಲಿಂದ ಏಳದಂತೆ, ತುತ್ತನ್ನು ಬಾಯಿಗಿಟ್ಟು, ಬಟ್ಟೆಯನ್ನು ನಾವೇ ಉಡಿಸಿ, ಕೈಕಾಲಿಗೆ ಕೆಲಸವಿಲ್ಲದಂತೆ ನೋಡಿಕೊಳ್ಳುವುದು. ಇಂಥ ಸೇವೆಯ ಹಿಂದಿರುವ ಪ್ರೀತಿ ದೊಡ್ಡದು. ಅದರಿಂದಾಗುವ ಹಾನಿಯೂ ಚಿಕ್ಕದಲ್ಲವೆಂಬುದು ನನ್ನ ಅಭಿಪ್ರಾಯ.

ಕೂತು ಉಂಡರೆ ಕುಡಿಕೆ ಹೊನ್ನು ಸಾಲದೆಂಬುದು ನಮ್ಮ ಗಾದೆ. ದೇಹದ ಬಲವೂ ಇಂಥ ಕುಡಿಕೆಯ ಹೊನ್ನೇ. ಹಾಸಿಗೆ ಹಿಡಿದವರ ಸ್ನಾಯುಗಳು ದಿನದಿನಕ್ಕೆ ಕರಗುತ್ತವೆ, ಕೀಲುಗಳು ಬಿಗಿಯುತ್ತವೆ, ಮೂಳೆಗಳು ಸಾರ ಕಳೆದುಕೊಳ್ಳುತ್ತವೆ, ಬೆನ್ನಿನಲ್ಲಿ ಹುಣ್ಣೇಳುತ್ತದೆ. ಮುಪ್ಪಿನ ಫಲವೆಂದು ನಾವು ನಿಟ್ಟುಸಿರಿಡುವುದರಲ್ಲಿ ಎಷ್ಟೋ ಪಾಲು ಹಾಸಿಗೆಯ ಫಲವಾಗಿರುತ್ತದೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವರು ಇಂಗ್ಲೆಂಡಿನ ವೈದ್ಯೆ ಮಾರ್ಜರಿ ವಾರನ್. 1935ರಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದ ದರಿದ್ರಾಲಯದ ರುಗ್ಣಶಾಲೆಯನ್ನು ವಹಿಸಿಕೊಂಡಾಗ, ಅಲ್ಲಿನ 714 ಹಾಸಿಗೆಗಳ ಹೊಣೆ ಈಕೆಯ ಪಾಲಿಗೆ ಬಂದಿತು. ಇನ್ನು ಇವರಿಂದ ಏನೂ ಆಗದೆಂದು ಕೈಬಿಟ್ಟವರೇ ಅಲ್ಲಿ ಹೆಚ್ಚು. ವಾರನ್ ಒಬ್ಬೊಬ್ಬರನ್ನೂ ಪರೀಕ್ಷಿಸಿ, ಯಾರಿಗೆ ಯಾವ ಚಿಕಿತ್ಸೆಯೆಂದು ವಿಂಗಡಿಸಿ, ಏಳಬಲ್ಲವರನ್ನು ಏಳಿಸಿ ನಡೆಸಿದರು. ಹಲವರು ಮನೆಗೂ ಮರಳಿದರು. ಇಂದಿನ ವಾರ್ಧಕ್ಯ ವೈದ್ಯಶಾಸ್ತ್ರಕ್ಕೆ ಆ ಕೆಲಸವೇ ತಳಹದಿ.

ಪಾರ್ಶ್ವವಾಯು ಬಡಿದವರೂ ಸೊಂಟದ ಮೂಳೆ ಮುರಿದವರೂ ಜೀರ್ಣರಾದ ವೃದ್ಧರೂ ದೀರ್ಘಕಾಲ ತಂಗುವ ಶುಶ್ರೂಷಾಲಯಗಳು ಅಮೆರಿಕದಲ್ಲಿ ಬಹಳ. ನಮ್ಮ ಪೇಟೆಗಳಲ್ಲಿ ನರ್ಸಿಂಗ್ ಹೋಮೆಂದು ಕರೆಯುವ ಸಣ್ಣ ಆಸ್ಪತ್ರೆಗಳಲ್ಲ ಇವು. ಬಾಸ್ಟನ್ನಿನ ಅಂಥದೊಂದು ಸಂಸ್ಥೆಯಲ್ಲಿ ಡಾ. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 100 ಮಂದಿಯ ಮೇಲೆ ನಡೆಸಿದ ಪ್ರಯೋಗದ ಫಲ 1994ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 87. ಅವರಲ್ಲಿ ವ್ಯಾಯಾಮಕ್ಕೆ ಆಯ್ದವರಿಂದ ಹತ್ತು ವಾರಗಳ ಕಾಲ, ವಾರಕ್ಕೆ ಮೂರು ಸಲ, ಕಾಲುಗಳ ಸ್ನಾಯುಗಳಿಗೆ ತೀವ್ರ ವ್ಯಾಯಾಮ ಮಾಡಿಸಿದರು. ತೀವ್ರವೆಂದರೆ, ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದಲ್ಲಿ ನೂರಕ್ಕೆ 80ರಷ್ಟನ್ನು ಎತ್ತಿಸುವುದು. ಬಲ ಹೆಚ್ಚಿದಂತೆ ಭಾರವನ್ನೂ ಹೆಚ್ಚಿಸುವುದು. ವ್ಯಾಯಾಮ ಮಾಡಿದವರ ಸ್ನಾಯುಬಲ ನೂರಕ್ಕೆ 113ರಷ್ಟು ವೃದ್ಧಿಸಿತು. ಮಾಡದವರದು ಕೇವಲ 3ರಷ್ಟು. ಬರಿಯ ಪೌಷ್ಟಿಕ ಪಾನೀಯ ಕುಡಿದವರಲ್ಲಿ ಈ ಫಲ ಕಾಣಲಿಲ್ಲ. ಹಾಲು ಹಣ್ಣು ಕೊಟ್ಟು ಮಲಗಿಸಿದರೆ ಕರ್ತವ್ಯ ಮುಗಿಯಿತೆನ್ನುವವರು ಈ ಮಾತನ್ನು ಗಮನಿಸಬೇಕು.

ಆದರೆ ವಾರಕ್ಕೆ ಮೂರು ಸಲ ಬಂದು ಹೋಗುವ ಫಿಸಿಯೋಥೆರಪಿಸ್ಟರ ಮೇಲೆ ಎಲ್ಲ ಭಾರ ಹೊರಿಸಿದರೆ ಸಾಲದು. ಅದೇ ಫಿಯಾಟರೋನ್ 1990ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಬಲ ಬಹುವಾಗಿ ಇಳಿದುಹೋಯಿತು. ಆದ್ದರಿಂದ ಪುನಶ್ಚೇತನವು ದಿನಚರಿಯಲ್ಲೇ ಬೆರೆಯಬೇಕು. ಊಟಕ್ಕೆ ಮುನ್ನ ಕುರ್ಚಿಯಿಂದ ನಾಲ್ಕೈದು ಸಲ ಎದ್ದು ಕೂರಿಸುವುದು, ಗಾಲಿಕುರ್ಚಿಯಲ್ಲಿ ತಳ್ಳುವ ಬದಲು ತೋಳು ಹಿಡಿದು ನಡೆಸುವುದು, ಅಂಗಿಯ ಗುಂಡಿಯನ್ನು ಅವರ ಕೈಯಿಂದಲೇ ಹಾಕಿಸುವುದು, ಇವನ್ನೆಲ್ಲ ಆಯಾಗಳಿಗೂ ದಾದಿಯರಿಗೂ ಕಲಿಸಬೇಕು. ಫಿಸಿಯೋಥೆರಪಿಸ್ಟರು ಚಿಕಿತ್ಸಕರಾಗಿರುವಂತೆ ಅವರ ಉಪಾಧ್ಯಾಯರೂ ಆಗಬೇಕು.

ಇಲ್ಲಿ ತೊಡಕಿಲ್ಲವೆನ್ನಲಾಗದು. ಆಯಾ ಐದು ನಿಮಿಷದಲ್ಲಿ ಉಡಿಸಬಲ್ಲ ಸೀರೆಯನ್ನು ಅಜ್ಜಿ ತಾನೇ ಉಡಲು ಅರ್ಧ ಗಂಟೆ ಹಿಡಿದೀತು. ಒಬ್ಬಳೇ ಇಪ್ಪತ್ತು ಮಂದಿಯನ್ನು ನೋಡಿಕೊಳ್ಳಬೇಕಾದರೆ ಆಕೆ ಕಾಯುವುದೆಂತು? ಹೀಗೆ ಕಾಯುವುದನ್ನೂ ಕೆಲಸವೆಂದು ಎಣಿಸಿ, ಅದಕ್ಕೆ ತಕ್ಕಷ್ಟು ಜನರನ್ನು ನೇಮಿಸುವುದು ಆಡಳಿತದವರ ಹೊಣೆ. ನಿವಾಸಿಗಳು ತಮ್ಮಿಂದ ಸಾಧ್ಯವಾದ ಅತ್ಯುನ್ನತ ಸ್ಥಿತಿಯನ್ನು ಮುಟ್ಟಿ ಉಳಿಸಿಕೊಳ್ಳಲು ನೆರವಾಗಬೇಕೆಂದು ಅಮೆರಿಕದಲ್ಲಿ 1987ರಲ್ಲೇ ಶಾಸನವಾಯಿತು. ಬಿದ್ದರೆ ಗತಿಯೇನೆಂದು ಅಂಜುವವರೂ ಉಂಟು. ಅಂಜಿಕೆ ನ್ಯಾಯವೇ, ವೈದ್ಯರ ಪರೀಕ್ಷೆಯಿಲ್ಲದೆ ಯಾರನ್ನೂ ದಣಿಸಬಾರದು. ಕೊನೆಯ ದಿನಗಳನ್ನೆಣಿಸುವವರಿಗೆ ವಿಶ್ರಾಂತಿಯೇ ಧರ್ಮ. ಆದರೆ ಬಿದ್ದಾರೆಂದು ಕೂರಿಸಿಟ್ಟ ಕಾಲುಗಳು ಇನ್ನಷ್ಟು ಕುಗ್ಗಿ, ನಾಳೆ ಬೀಳುವ ಸಂಭವವನ್ನು ಹೆಚ್ಚಿಸುವುದಿಲ್ಲವೇ?

ನಮ್ಮ ದೇಶದಲ್ಲಿ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯು ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು ಸರ್ಕಾರಗಳು ಕಟ್ಟಬಹುದೆಂದು ಹೇಳಿದೆ. ಕಟ್ಟಡದಲ್ಲಿ ಸೂರು, ಅನ್ನ, ಔಷಧಗಳ ಜೊತೆಗೆ ಹಿಡಿದು ನಡೆಯಲು ಗೋಡೆಗೊಂದು ಕೈಪಿಡಿಯೂ, ನಡೆಸಲು ತರಬೇತಾದ ಕೈಯೂ ಇರಬೇಕು. ನಮ್ಮ ಕಾಲೇಜುಗಳ ಎನ್.ಎಸ್.ಎಸ್. ವಿದ್ಯಾರ್ಥಿಗಳು ವೃದ್ಧಾಶ್ರಮಗಳಿಗೆ ಹೋಗಿ ಹಣ್ಣು ಹಂಚಿ, ಭಾವಚಿತ್ರ ತೆಗೆಸಿಕೊಂಡು ಬರುವುದು ವಾಡಿಕೆ. ಹಣ್ಣು ಹಂಚುವುದು ಬೇಡವೆನ್ನುವುದಿಲ್ಲ. ಅಲ್ಲಿನವರನ್ನು ಕೇಳಿಕೊಂಡು, ಒಬ್ಬ ತಾತನ ತೋಳು ಹಿಡಿದು ಅಂಗಳದಲ್ಲಿ ಎರಡು ಸುತ್ತು ನಡೆಸಿದರೆ, ಮುಂದಿನ ವಾರ ಮತ್ತೆ ಹೋಗಿ ಮೂರು ಸುತ್ತು ನಡೆಸಿದರೆ, ಅದು ಇನ್ನೂ ಹೆಚ್ಚಿನ ಸೇವೆ. ತರುಣ ಮಿತ್ರರು ಈ ಮಾತನ್ನು ಯೋಚಿಸಿ ನೋಡಲೆಂದು ನನ್ನ ಕೋರಿಕೆ.