ಬೇಜಾರಿಗೂ ಒಂದಿಷ್ಟು ಜಾಗವಿರಲಿ

"ಅಮ್ಮಾ, ಬೇಜಾರು. ಈಗೇನು ಮಾಡ್ಲಿ?"

ಚಿತ್ತಾಕುಲದ ತವರುಮನೆಗೆ ಬಂದು ಇನ್ನೂ ಎರಡು ದಿನವಾಗಿರಲಿಲ್ಲ. ಎಂಟು ವರ್ಷದ ಮಗಳು ಬೆಳಗಿನಿಂದ ಐದನೇ ಸಲ ಇದೇ ಪ್ರಶ್ನೆ ಕೇಳಿದ್ದಳು. ಬೆಂಗಳೂರಿನಲ್ಲಾದರೆ ಈಜು, ಚಿತ್ರಕಲೆ, ಅಬಾಕಸ್ ಎಂದು ಅವಳ ರಜೆಯನ್ನು ಕಂಠಮಟ್ಟ ತುಂಬಿಸಿಬಿಡುತ್ತಿದ್ದೆ. ಇಲ್ಲಿ ಬೇರೆ ದಾರಿ ಕಾಣದೆ ಮೊಬೈಲ್ ಕೊಡಲು ಹೊರಟೆ. ಅಂಗಳದಲ್ಲಿ ಮುರುಗಲು ಸಿಪ್ಪೆ ಒಣಹಾಕುತ್ತಿದ್ದ ಆಯಿ ತಲೆಯೆತ್ತದೆ ಹೇಳಿದಳು, "ಇರ್ಲಿ ಬಿಡೇ, ಸ್ವಲ್ಪ ಬೇಜಾರಾಗ್ಲಿ. ನಿಂಗೆ ಆಗ್ತಿರಲಿಲ್ವಾ?"

ಆಗುತ್ತಿತ್ತು. ತೆಂಗಿನ ಗರಿಯ ಪೀಪಿ, ಗರಟೆಯ ತಕ್ಕಡಿ ಎಲ್ಲ ಹುಟ್ಟಿದ್ದು ಆ ಬೇಜಾರಿನಲ್ಲೇ.

ಸಂಜೆ ಮೂವರೂ ಕಾಳಿ ನದಿ ಕಡಲು ಸೇರುವ ಕಡೆ ಮರಳಿಗೆ ಹೋದೆವು. ನೀರು ಇಳಿದಿತ್ತು. ಒದ್ದೆ ಮರಳಿನ ತುಂಬ ಸಣ್ಣ ಸಣ್ಣ ಉಂಡೆಗಳ ಚಿತ್ತಾರ. ಪುಟ್ಟ ಏಡಿಗಳು ಮರಳನ್ನು ಬಾಯಿಗೆ ಹಾಕಿಕೊಂಡು, ಅದರಲ್ಲಿನ ಆಹಾರ ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಬಿಡುತ್ತವೆ. "ಏಡಿ ರಂಗೋಲಿ!" ಎಂದವಳೇ ಮಗಳು ಅದರ ಪಕ್ಕ ಕೂತು ಚಿಪ್ಪುಗಳಿಂದ ತನ್ನದೊಂದು ರಂಗೋಲಿ ಶುರು ಮಾಡಿದಳು.

ಆಯಿ ಅವಳಿಗೊಂದು ಕೆಲಸ ಕೊಟ್ಟಳು. ಅಲ್ಲಿದ್ದ ಕಪ್ಪು ಬಂಡೆಯ ಬುಡ ನೀರಿನಿಂದ ಹೊರಬೀಳುವ ಹೊತ್ತನ್ನು ದಿನಾ ಬರೆದಿಡುವುದು. ಮರುದಿನ ಅದೇ ಹೊತ್ತಿಗೆ ಹೋದರೆ ಬುಡ ಇನ್ನೂ ನೀರಿನಲ್ಲೇ ಇತ್ತು. ಕಾದಳು. ಮೂರನೇ ದಿನ ಇನ್ನಷ್ಟು ಕಾದಳು. ಚಂದ್ರನೂ ದಿನದಿನ ಮುಂದೆ ಸರಿಯುವುದರಿಂದ ಉಬ್ಬರವಿಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಾನು ವಿವರಿಸುವ ಮೊದಲೇ ಅವಳ ಪುಸ್ತಕ ಅದನ್ನು ಹೇಳಿತ್ತು.

"ಸಮುದ್ರಕ್ಕೂ ದಿನಾ ಲೇಟಾಗತ್ತೆ. ಆದ್ರೂ ಯಾರೂ ಬೈಯಲ್ಲ, ಅಲ್ವಾ ಅಜ್ಜಿ?"

ಆಯಿ ನನ್ನ ಮುಖ ನೋಡಿದಳು. ಶಾಲೆಯ ವ್ಯಾನು ಬರುವ ಹೊತ್ತಿನ ನನ್ನ ಕೂಗಾಟವೆಲ್ಲ ನೆನಪಾಗಿ ನಾನು ಕಡಲಿನ ಕಡೆ ತಿರುಗಿದೆ.

ಈ ನೀರಿಗೆ ಮನಸೋತವರಲ್ಲಿ ರವೀಂದ್ರನಾಥ ಟ್ಯಾಗೋರರೂ ಒಬ್ಬರು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 22ರ ಹರೆಯದಲ್ಲಿ ಇಲ್ಲಿಗೆ ಬಂದಿದ್ದರು. ದೋಣಿಯಲ್ಲಿ ಕಾಳಿ ನದಿಯ ಮೇಲೆ ಸುತ್ತಾಡಿ, ಬೆಳದಿಂಗಳಲ್ಲಿ ಮರಳ ಮೇಲೆ ನಡೆದು ಮನೆಗೆ ಮರಳಿದ್ದನ್ನು 'ಜೀವನಸ್ಮೃತಿ'ಯಲ್ಲಿ ನೆನೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದೂ ಇಲ್ಲಿಯೇ. ನಮ್ಮ ಮಕ್ಕಳು ಕವಿಗಳಾಗಬೇಕೆಂದೇನಿಲ್ಲ. ಸುಮ್ಮನೆ ನಡೆದ ಒಂದು ಸಂಜೆ ಅವರ ನೆನಪಿನಲ್ಲಿ ಉಳಿದರೆ ಸಾಕು.

ಇದಕ್ಕೆ ಕಡಲೇ ಬೇಕೆಂದಿಲ್ಲ. ಬಾಲ್ಕನಿಯ ಸರಳಿನ ನೆರಳಿಗೆ ಗಂಟೆಗೊಮ್ಮೆ ಸೀಮೆಸುಣ್ಣದ ಗೆರೆ ಎಳೆಯಲು ಹೇಳಿ ನೋಡಿ. ಹಳೆಯ ರಟ್ಟಿನ ಡಬ್ಬಿ, ದಾರ, ಗೋಂದು ಕೈಗೆ ಸಿಗುವಂತಿಟ್ಟು ಪಕ್ಕಕ್ಕೆ ಸರಿಯಿರಿ. "ಬೇಜಾರು" ಎಂದ ತಕ್ಷಣ ಉತ್ತರ ಕೊಡಬೇಡಿ. ಅರ್ಧ ಗಂಟೆ ತಾಳಿದರೆ ಉತ್ತರ ಅವರೇ ಹುಡುಕಿಕೊಳ್ಳುತ್ತಾರೆ. ನೀರಿನ ಬಳಿ ಮಾತ್ರ ಅವರನ್ನು ಒಂಟಿಯಾಗಿ ಬಿಡಬೇಡಿ; ನದಿ ಕಡಲು ಸೇರುವ ಕಡೆ ಸೆಳೆತ ಜೋರು. ಜೊತೆಗಿರುವಾಗ ನಮ್ಮ ಮೊಬೈಲ್ ಕೂಡ ಚೀಲದೊಳಗಿರಲಿ. ನನಗೆ ಕಷ್ಟವಾಗಿದ್ದು ಇದೊಂದೇ.

ಹೊರಡುವ ಹಿಂದಿನ ಸಂಜೆ ಮಗಳ ದೊಡ್ಡ ರಂಗೋಲಿಯ ಅಂಚಿಗೆ ನೀರು ಏರಿ ಬರುತ್ತಿತ್ತು. ಫೋಟೊ ತೆಗೆಯಲು ಚೀಲಕ್ಕೆ ಕೈಹಾಕಿದೆ. ಅವಳು ನನ್ನ ಕೈ ಹಿಡಿದೆಳೆದಳು.

"ಬೇಡಮ್ಮಾ, ಬಾ ಇಲ್ಲಿ. ಅದು ಹೋಗೋದನ್ನ ನೋಡೋಣ."

ಆಯಿ ಆಗಲೇ ಮರಳ ಮೇಲೆ ಕೂತಿದ್ದಳು. ನಾನೂ ಕೂತೆ.